ಸತ್ತ ಮನೆಯ ಗಡಿಗೆ

ನಾನು ಒಂದು ಗಡಿಗೆ. ಕೆರೆಯಂಗಳದ ಕಪ್ಪು ಮಣ್ಣು ನನ್ನ ತಾಯಿ, ಆವಿಗೆಯ ಬೆಂಕಿ ನನ್ನ ಸೂಲಗಿತ್ತಿ. ಕುಂಬಾರರ ನಿಂಗವ್ವ ಹಲಗೆಯಿಂದ ತಟ್ಟಿ ತಟ್ಟಿ ನನ್ನ ಹೊಟ್ಟೆಯನ್ನು ದುಂಡಗೆ ಮಾಡಿದಳು. ಸುಟ್ಟು ಹೊರಬಂದಾಗ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, "ಇದು ಮಾತಾಡೋ ಜಾತಿ ಅಲ್ಲ, ಕೇಳೋ ಜಾತಿ" ಎಂದಳು. ಅದೇ ನನ್ನ ಹಣೆಬರಹವಾಯಿತು. ಕೇಳುತ್ತಲೇ ಬಂದೆ. ಕೇಳಬಾರದ್ದನ್ನೂ ಕೇಳಿದೆ.

ಬೆಟಗೇರಿಯ ನೇಕಾರರ ಓಣಿಗೆ ನನ್ನನ್ನು ಕೊಂಡು ತಂದವಳು ಬಾಳವ್ವ. ಆಗ ಅವಳು ಎಳೆಯ ಸೊಸೆ. ಮನೆಯಲ್ಲಿ ಅತ್ತೆ ತೀರಿಕೊಂಡು ಸೂತಕ ಆಗಷ್ಟೇ ಕಳೆದಿತ್ತು. ಒಲೆಯ ಮಗ್ಗುಲಲ್ಲಿ ಹುಲ್ಲಿನ ಸಿಂಬಿ ಇಟ್ಟು, ಅದರ ಮೇಲೆ ನನ್ನನ್ನು ಕೂರಿಸಿದರು. ನೆಲದ ಮೇಲೆ ಕೂತವರಿಗೆ ಮನುಷ್ಯರು ಪಾದಗಳಿಂದ ಶುರುವಾಗುತ್ತಾರೆ. ಬಾಳವ್ವನ ಕಾಲುಂಗುರಗಳಲ್ಲಿ ಒಂದು ಸವೆದು ತೆಳ್ಳಗಾಗಿತ್ತು, ಹಾಗಾಗಿ ಅವಳು ಬಂದರೆ ನನಗೆ ತಿಳಿಯುತ್ತಿತ್ತು.

ಮೊದಲ ಸಂಜೆ ಪಕ್ಕದ ಮನೆಯ ಮುದುಕಿಯೊಬ್ಬಳು ಸೆರಗಿನಡಿ ಒಂದು ಬಟ್ಟಲು ಮುಚ್ಚಿಕೊಂಡು ಬಂದಳು. ಅದರಲ್ಲಿದ್ದ ಹುಳಿಯನ್ನು ನನ್ನೊಳಗೆ ಸುರಿದಳು. ಎಲ್ಲಿಯದು, ಯಾರದು ಎಂದು ಯಾರೂ ಹೇಳಲಿಲ್ಲ. ಹೊಸ ಗಡಿಗೆಗೆ ಹಳೆಯ ಕಥೆ ಯಾರು ಹೇಳುತ್ತಾರೆ? ಅದರ ಮೇಲೆ ಬಾಳವ್ವ, ಬೇಯಿಸಿ ಆರಿಸಿದ ಜೋಳದ ಅಂಬಲಿ ಹೊಯ್ದಳು. ಅಂದು ನನ್ನ ಮೈಯ ಸಣ್ಣ ಸಣ್ಣ ತೂತುಗಳಲ್ಲಿ ಯಾರೋ ಬಂದು ನೆಲೆಸಿದರು. ಕಣ್ಣಿಗೆ ಕಾಣದವರು. ಒಬ್ಬರಲ್ಲ, ಒಂದು ಊರಿನಷ್ಟು ಮಂದಿ. ಅವರು ಹಿಟ್ಟನ್ನು ಮುರಿದು ತಿನ್ನುವಾಗ ಗುಳುಗುಳು ಎಂಬ ಪಿಸುಮಾತು ಹುಟ್ಟುತ್ತಿತ್ತು. ಬೆಳಿಗ್ಗೆ ಹುಳಿಯೇರಿದ ಅಂಬಲಿಯನ್ನು ಮಜ್ಜಿಗೆ, ಬೆಳ್ಳುಳ್ಳಿ ಹಾಕಿ ಮನೆಯವರು ಕುಡಿಯುತ್ತಿದ್ದರು. ತಳದಲ್ಲಿ ಒಂದು ಸೌಟು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಹೆಪ್ಪು. ಇಂದಿನದು ನಾಳೆಗೆ ಹೆಪ್ಪು, ನಾಳೆಯದು ನಾಡಿದ್ದಿಗೆ. ನನ್ನ ಒಳಮೈಯನ್ನು ತಿಕ್ಕಿ ತೊಳೆಯುವುದು ಆ ಮನೆಯಲ್ಲಿ ನಿಷಿದ್ಧವಾಗಿತ್ತು.

ಮಣ್ಣಿನ ಗಡಿಗೆಗೆ ಇಷ್ಟು ಆಯುಷ್ಯ ಇರುವುದಿಲ್ಲ. ಬಾಳವ್ವ ನನ್ನನ್ನು ಕೂಸಿನಂತೆ ಎತ್ತಿ ಇಳಿಸುತ್ತಿದ್ದುದರಿಂದ ಉಳಿದೆ. ಅವಳ ಮಗ ಬೆಳೆದ. ಸೊಸೆ ಕಸ್ತೂರಿ ಬಂದಳು, ಹಿಮ್ಮಡಿ ಒತ್ತಿ ನಡೆಯುವವಳು. ಅವಳಿಗೆ ನನ್ನ ವಾಸನೆ ಆಗುತ್ತಿರಲಿಲ್ಲ.

"ಅತ್ತಿ, ಇದನ್ನ ಫ್ರಿಜ್ಜಿನ್ಯಾಗರ ಇಡ್ರಿ. ಮನಿ ತುಂಬ ಹುಳಿ ನಾತ."

"ಫ್ರಿಜ್ಜಿನ್ಯಾಗ ಇಟ್ರ ಅವು ನಿನ್ನಂಗ ಮಲಕ್ಕೊಂಡುಬಿಡತಾವ. ಎಬ್ಬಸೋದು ಯಾರು?"

ಕಸ್ತೂರಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದಳು. ಅದೂ ಒಂದು ಉತ್ತರವೇ.

ಆಮೇಲೆ ಶಾಲ್ಮಲಾ ಹುಟ್ಟಿದಳು. ಅಜ್ಜಿಯನ್ನು ಆಯಿ ಎಂದು ಕರೆಯುತ್ತ, ನನ್ನ ಬಾಯಿಗೆ ಕಿವಿಯಿಟ್ಟು ಕಥೆ ಕೇಳುತ್ತ ಬೆಳೆದ ಹುಡುಗಿ. ಬಾಳವ್ವ ಅವಳಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಕಥೆ.

"ಎಲ್ಲಾರ ಹೊಟ್ಯಾಗೂ ಒಂದು ಊರು ಐತಿ. ಆ ಊರ ಮಂದಿ ಕಣ್ಣಿಗೆ ಕಾಣಂಗಿಲ್ಲ. ನೀ ಉಂಡಿದ್ರಾಗ ನಿನಗ ಅರಗಲಾರದ ನಾರು, ತೌಡು, ಸಿಪ್ಪಿ ಇರತಾವಲ್ಲ, ಅದ ಅವರ ಊಟ. ಉಂಡು ನಿನ್ನ ಹರಸತಾರ."

"ಅವರಿಗೆ ಊಟ ಹಾಕಲಿಲ್ಲಂದ್ರ, ಆಯಿ?"

ಬಾಳವ್ವ ದನಿ ಇಳಿಸುತ್ತಿದ್ದಳು. "ಹಾಕಲಿಲ್ಲಂದ್ರ ಮನಿ ಗ್ವಾಡಿನ ಕೆರಕೊಂಡು ತಿಂತಾರ."

ಶಾಲ್ಮಲಾ ಹೊಟ್ಟೆ ಮುಚ್ಚಿಕೊಂಡು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಅವಳು ನನ್ನನ್ನು ತಬ್ಬಿ ಕೂತಾಗ ಆ ಊರಿನ ಸದ್ದು ನನಗೆ ಕೇಳುತ್ತಿತ್ತು. ಸಂಜೆಯ ಸಂತೆಯಂತೆ, ನೂರು ಬಗೆಯ ದನಿ.

ಓದಲು ಧಾರವಾಡದ ಹಾಸ್ಟೆಲಿಗೆ ಹೋದಳು. ರಜೆಗೆ ಬಂದಾಗೆಲ್ಲ ಬೇಕರಿಯ ಪಫ್ಸು, ಪ್ಯಾಕೆಟ್ ನೂಡಲ್ಸು, ಬಣ್ಣದ ತಂಪು ನೀರಿನ ಮಾತಾಡುತ್ತಿದ್ದಳು. ಗಂಟಲು ನೋವೆಂದು ಮೇಲಿಂದ ಮೇಲೆ ತಾನೇ ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳ ಮಾತೂ ಇತ್ತು. ಒಮ್ಮೆ ತಬ್ಬಿಕೊಂಡಾಗ ಆಲಿಸಿದೆ. ಸಂತೆ ಅರ್ಧ ಖಾಲಿಯಾಗಿತ್ತು. ಆಮೇಲಿನ ಸಲ ಬಂದಾಗ ಅವಳ ಪಾದಗಳು ಹಕ್ಕಿಯ ಪಾದಗಳಂತಿದ್ದವು. ಹಿತ್ತಲಿನ ಪಾಯಖಾನೆಗೂ ಹಾಸಿಗೆಗೂ ನಡುವೆ ಆ ಪಾದಗಳು ಓಡಾಡಿ ಸೋತವು. ರಕ್ತ ಹೋಗುತ್ತಿತ್ತು. ನನ್ನ ಪಕ್ಕ ಕುಸಿದು ಕೂತಾಗ ಕೇಳಿದೆ: ಒಳಗೆ ಸಂತೆಯಿಲ್ಲ, ಕಾದಾಟವಿತ್ತು. ಊರನ್ನು ಕಾಯಬೇಕಾದ ಕಾವಲಿನವರೇ ಮನೆಮನೆ ನುಗ್ಗಿ ಬಡಿಯುತ್ತಿದ್ದರು.

ದೊಡ್ಡಾಸ್ಪತ್ರೆಗೆ ಹೋಗಿ ಬಂದ ಕಸ್ತೂರಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆಗೆ ಹೇಳಿದಳು. "ದೊಡ್ಡ ಕರುಳಿನ ಒಳಗ್ವಾಡಿಗೆ ಹುಣ್ಣಾಗ್ಯಾವಂತ. ಮೈ ಕಾಯೋ ಶಕ್ತಿನ ತಿರುಗಿ ಬಿದ್ದೈತಂತ. ಇದರಿಂದನ ಬಂತು ಅಂತ ಒಂದು ಕಾರಣ ಹೇಳಾಕ ಬರಂಗಿಲ್ಲಂತ್ರಿ. ಹುಟ್ತಾ ಬಂದ ಗುಣ, ತಿಂದ ಕೂಳು, ಹೊಟ್ಯಾಗಿನ ಜೀವಾಣು, ಎಲ್ಲಾ ಕೂಡಿ ಅಂದ್ರು ಡಾಕ್ಟರು. ಗುಳಿಗಿ ಬಿಡಂಗಿಲ್ಲ. ಬಿಟ್ಟು ಮತ್ತ ಹೆಚ್ಚಾದ್ರ ಕರುಳ ಕೊಯ್ದು ತಗೀಬೇಕಾಗತೈತಂತ. ಸದ್ಯ ಮೆತ್ತನ್ನ ಅನ್ನ, ತಿಳಿಸಾರು. ನಿಮ್ಮ ಅಂಬ್ಲಿ ಬ್ಯಾಡ."

ಜಗಳವಾಗುತ್ತದೆ ಎಂದುಕೊಂಡೆ. ಬಾಳವ್ವ ಮಾತ್ರ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. "ಖರೇ ಐತವ್ವಾ. ಉರಿಯೋ ಊರಿಗೆ ಸಂತಿ ಕಳಸಬಾರದು. ಉರಿ ಆರಲಿ."

ಉರಿ ಆರುವ ಮೊದಲೇ ಬಾಳವ್ವ ಆರಿಹೋದಳು. ಮಗ್ಗದ ಮುಂದೆ ಲಾಳಿಗೆ ನೂಲು ಸುತ್ತುತ್ತ ಕೂತವಳು ಗೋಡೆಗೆ ಒರಗಿದಳು, ಅಷ್ಟೇ. ಮನೆ ತುಂಬ ಪಾದಗಳು. ಅಳುವಿನ ಗದ್ದಲದಲ್ಲಿ ಯಾರದೋ ಕೈ ನನ್ನೊಳಗೆ ಸೌಟು ಇಳಿಸಿ ತೆಗೆಯಿತು. ಯಾರೆಂದು ನೋಡುವ ಮನಸ್ಸು ನನಗಿರಲಿಲ್ಲ. ಸವೆದ ಕಾಲುಂಗುರದ ಆ ಪಾದಗಳನ್ನು ಕಟ್ಟುತ್ತಿದ್ದರು.

ಆ ಓಣಿಯಲ್ಲಿ ಒಂದು ಕಟ್ಟಳೆ. ಸತ್ತ ಮನೆಯ ಮಣ್ಣಿನ ಪಾತ್ರೆ ಒಂದೂ ಉಳಿಯಬಾರದು, ಊರಾಚೆ ಹಳ್ಳದ ದಂಡೆಗೆ ಒಯ್ದು ಒಡೆಯಬೇಕು. ನೀರಿನ ಕೊಡ, ಉಪ್ಪಿನ ಮಡಕೆ ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟರು. ನಾನೂ ಸಾಲಿನಲ್ಲಿದ್ದೆ. ಪಕ್ಕದ ಮನೆಯ ಶಾರವ್ವ ಎಣಿಸುತ್ತ ಅಂದಳು: "ಒಂದರ ಉಳದ್ರ ಸತ್ತವರು ಅದರಾಗ ಕುಂಡ್ರತಾರ. ಹೋಗೂದ ಇಲ್ಲ."

ಹೆದರಿಸಲು ಹೇಳಿದ ಮಾತು ಶಾಲ್ಮಲಾಳಿಗೆ ಆಸೆಯಾಯಿತು. ಹೆಂಗಸರು ಒಳಗೆ ಹೋದ ಗಳಿಗೆಯಲ್ಲಿ ಅವಳು ನನ್ನನ್ನು ಎತ್ತಿಕೊಂಡು ಓಡಿದಳು. ಸಿಂಬಿ ಸಮೇತ ಒಳಕೋಣೆಯ ಮಂಚದಡಿ ಇಟ್ಟು ಹಳೆಯ ಇಳಕಲ್ ಸೀರೆ ಹೊದಿಸಿದಳು. "ಆಯಿ, ಇಲ್ಲೇ ಇರು" ಎಂದಳು. ಅಂಗಳದ ಗದ್ದಲದಲ್ಲಿ ಒಂದು ಗಡಿಗೆ ಕಡಿಮೆಯಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ನಾನು ಗಡಿಗೆ, ಆಯಿಯಲ್ಲ. ಹೇಳಲು ನನಗೆ ನಾಲಿಗೆ ಇರಲಿಲ್ಲ.

ಅಂದಿನಿಂದ ಅವಳ ಬಾಳು ಮಂಚದಡಿಗೆ ಇಳಿಯಿತು. ಮುಚ್ಚಿದ ಬಾಗಿಲ ಹಿಂದೆ ಅಡ್ಡ ಮಲಗಿ ನನ್ನ ಬಾಯಿಗೆ ಕಿವಿಯಿಡುವಳು. ಗುಳುಗುಳು ಎಂದರೆ ಆಯಿ ಮಾತಾಡಿದಳು. "ಹೂಂ, ಆಯಿ... ಹೂಂ" ಎಂದು ತಾನೇ ಉತ್ತರಿಸುವಳು. ಗುಳಿಗೆಯಿಂದ ಅವಳ ಮುಖ ಊದಿಕೊಂಡಿತ್ತು. ಕನ್ನಡಿ ನೋಡಿ ಅಳುವಳು. ಒಂದು ದಿನ, ಆಯಿಯ ಅಂಬಲಿಯಿದ್ದ ಮೇಲೆ ಈ ಗುಳಿಗೆ ಯಾಕೆ ಎಂದು ಅವಳಿಗೆ ಅನ್ನಿಸಿತು. ತಾಯಿ ಕೈಗಿಟ್ಟು ಹೋದ ಗುಳಿಗೆಗಳನ್ನು ನನ್ನ ಕೆಳಗಿನ ಸಿಂಬಿಯೊಳಗೆ ತುರುಕತೊಡಗಿದಳು. ದಿನದಿನವೂ ಅವು ನನ್ನ ತಳಕ್ಕೆ ಒತ್ತುತ್ತಿದ್ದವು, ಚಪ್ಪಲಿಯೊಳಗೆ ಸಿಕ್ಕ ಹರಳಿನಂತೆ. ಸೌಟು ಸೌಟಾಗಿ ನನ್ನನ್ನು ಕುಡಿದಳು.

ಕುಡಿದರೆ ತುಂಬಬೇಕಲ್ಲ. ಜೋಳದ ಹಿಟ್ಟು ತರಲು ಅಡುಗೆಮನೆಗೆ ಹೋದರೆ ತಾಯಿಗೆ ಗೊತ್ತಾಗುತ್ತದೆ. ನೋಡಲು ಬಂದವರು ದಿಂಬಿನ ಪಕ್ಕ ಇಟ್ಟುಹೋದ ಬಿಸ್ಕತ್ತು, ಬ್ರೆಡ್ಡು, ಪ್ಯಾಕೆಟ್ಟಿನ ಹಣ್ಣಿನ ರಸ ಇದ್ದವು. ಅವನ್ನೇ ಪುಡಿ ಮಾಡಿ, ಕಲಸಿ ನನ್ನೊಳಗೆ ಹಾಕಿದಳು. "ಆಯಿ, ಇವತ್ತು ಇದ ಐತಿ, ಉಣ್ಣು."

ನನ್ನೊಳಗಿನ ಹಳಬರು ಮುಟ್ಟಲಿಲ್ಲ. ತಲೆಮಾರುಗಳಿಂದ ಜೋಳ ಉಂಡವರು. ಒಬ್ಬೊಬ್ಬರಾಗಿ ದನಿಯಡಗಿದರು. ಅವರು ತೆರವು ಮಾಡಿದ ತೂತುಗಳಿಗೆ ಬೇರೆ ಯಾರೋ ಬಂದರು. ಎಲ್ಲಿಂದ ಬಂದರೋ, ಅವರ ಭಾಷೆ ನನಗೆ ತಿಳಿಯದು. ಸಕ್ಕರೆಗೆ ಮುಗಿಬಿದ್ದು ಉಣ್ಣುವರು, ಉಂಡು ಕೊಳೆಯುವರು. ನನ್ನ ಕೊರಳ ಸುತ್ತ ಗುಲಾಬಿ ಬಣ್ಣದ ಬೂಷ್ಟು ಹಬ್ಬಿತು. ಅವಳ ಹೊಟ್ಟೆಯೊಳಗೆ ಆದದ್ದೇ ಈಗ ನನ್ನ ಹೊಟ್ಟೆಯೊಳಗೆ ಆಗುತ್ತಿತ್ತು. ಮಂಚದ ಮೇಲೊಂದು, ಕೆಳಗೊಂದು, ಹಾಳೂರುಗಳೆರಡು ಎದುರುಬದುರು ಮಲಗಿದ್ದೆವು.

ಇನ್ನೊಂದು ವಿಚಿತ್ರ. ನಡುಹಗಲು ಮನೆ ಸದ್ದಡಗಿದಾಗ ಅಡುಗೆಮನೆಯ ಕಡೆಯಿಂದ ನನ್ನದೇ ಹಳೆಯ ಪಿಸುಮಾತು ಕೇಳುತ್ತಿತ್ತು. ಅದೇ ಗುಳುಗುಳು, ಅದೇ ಮಂದಿ. ನಾನು ಸಾಯುವ ಮೊದಲೇ ನನ್ನ ದೆವ್ವ ಒಲೆಯ ಬಳಿ ಹೋಗಿ ಕೂತಿತೇ ಎಂದು ನನ್ನ ಮಣ್ಣು ತಣ್ಣಗಾಯಿತು.

ಶಾಲ್ಮಲಾ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅಲ್ಲಿ ತಾಯಿ ಹೊಸ ಗಡಿಗೆ ತಂದಿಟ್ಟಿದ್ದಾಳೆಂದು ಅವಳಿಗೆ ಸಿಟ್ಟು. "ಆಯಿ ಹೋಗಿ ತಿಂಗಳಾಗಿಲ್ಲ, ಆಕಿ ಜಾಗಾಕ್ಕ ಬ್ಯಾರೆ ತಂದಾಳ" ಎಂದು ನನಗೆ ದೂರು ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಜ್ವರದಲ್ಲಿ ಬೆಂದು ಮಂಚದಿಂದ ಇಳಿದು ಬಂದಳು. ಬಟ್ಟೆ ರಕ್ತವಾಗಿತ್ತು. ನನ್ನ ಬಾಯಿಗೆ ಕಿವಿಯಿಟ್ಟು, "ಆಯಿ, ನಾ ಸಾಯತೀನೇನು?" ಎಂದು ಕೇಳಿದಳು.

ಒಳಗಿನವರು ಉತ್ತರಿಸಿದರು. ಲೊಚಕ್ ಎಂಬ ದಪ್ಪ ದನಿ, ಕೆಸರಿನಲ್ಲಿ ಕಾಲು ಕಿತ್ತಂತೆ.

ಅವಳು ಕಿವಿ ತೆಗೆದಳು. ಮತ್ತೆ ಇಟ್ಟಳು. ಮಂಚದಡಿಯ ಕತ್ತಲೆಯಲ್ಲಿ ಅವಳ ಕಣ್ಣುಗಳು ದೊಡ್ಡವಾದವು. "ಇದು ಆಯಿ ಅಲ್ಲ" ಎಂದಳು ಮೆಲ್ಲಗೆ. ಆಮೇಲೆ ಎಷ್ಟೋ ದಿನಗಳಿಂದ ಕರೆಯದ ಹೆಸರನ್ನು ಕರೆದಳು. "ಅವ್ವಾ... ಯವ್ವಾ..."

ಹಿಮ್ಮಡಿಯ ಸದ್ದು ಓಡಿ ಬಂತು. ಕಸ್ತೂರಿ ಮಗಳನ್ನು ಎಳೆದುಕೊಳ್ಳಲು ನನ್ನನ್ನು ಬದಿಗೆ ತಳ್ಳಿದಳು. ಸಿಂಬಿ ಬಿಚ್ಚಿತು, ಗುಳಿಗೆಗಳು ನೆಲದ ತುಂಬ ಉರುಳಿದವು. ಕಸ್ತೂರಿ ಗುಳಿಗೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಆಟೋ ಕರಕೊಂಡು ಬರ್ರಿ" ಎಂದು ಗಂಡನಿಗೆ ಕೂಗಿ, ಮಗಳನ್ನು ಕೂಸಿನಂತೆ ಎತ್ತಿಕೊಂಡಳು. ಬಾಳವ್ವ ನನ್ನನ್ನು ಎತ್ತುತ್ತಿದ್ದ ಹಾಗೆ.

ಖಾಲಿ ಮನೆಯಲ್ಲಿ ನಾನು ಮಗುಚಿ ಬಿದ್ದಿದ್ದೆ. ಒಳಗಿದ್ದದ್ದು ಚೆಲ್ಲಿ ಒಣಗಿತು.

ಕರುಳು ಉಳಿಯಿತು. "ಇನ್ನೊಂದು ವಾರ ತಡ ಮಾಡಿದ್ರ ಕೊಯ್ಯಬೇಕಾಗತಿತ್ತು" ಎಂದು ಡಾಕ್ಟರು ಅಂದರಂತೆ. ಸೂಜಿ, ಸಲೈನು, ಬೇರೆ ಗುಳಿಗೆ. ವಾಪಸು ಬಂದ ಪಾದಗಳು ಗೋಡೆ ಹಿಡಿದು ನಡೆಯುತ್ತಿದ್ದವು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತವು. ಒಳಕೋಣೆಯಿಂದ ನನಗೆ ಎಲ್ಲ ಕೇಳಿಸಿತು.

"ಆ ಗಡಿಗ್ಯಾಗ ಏನೈತಿ?" ಶಾಲ್ಮಲಾ ಕೇಳಿದಳು.

"ನಿಮ್ಮ ಆಯಿ ಹೆಪ್ಪು."

ಹೊಸ್ತಿಲು ದಾಟಿದ ಹೆಜ್ಜೆ ಕೇಳಿತು, ಕಸ್ತೂರಿ ಹೇಳುತ್ತ ಹೋದಳು.

"ಹೆಣ ಎತ್ತೂಕಿಂತ ಮೊದಲ ನಾನ ಒಂದು ಸೌಟು ತಗದು ಶಾರವ್ವಕ್ಕನ ಮನ್ಯಾಗ ಇಟ್ಟಿದ್ದೆ. ಸೂತಕ ಕಳದ ಮ್ಯಾಲ ಆಕಿ ಸೆರಗಿನ್ಯಾಗ ಮುಚಗೊಂಡು ತಂದು ಹಾಕಿದ್ಲು. ನಿಮ್ಮ ಆಯಿನೂ ಅವರ ಅತ್ತಿ ಸತ್ತಾಗ ಹಿಂಗ ಮಾಡಿದ್ರಂತ. ಗಡಿಗಿ ಹೋಗಬೇಕು. ಒಳಗಿನವರು ಯಾಕ ಹೋಗಬೇಕು?"

"ನನಗ್ಯಾಕ ಹೇಳಲಿಲ್ಲ?"

"ನೀ ನನ್ನ ಮಾರಿ ನೋಡತಿದ್ದೇನು ಹೇಳಾಕ?" ಕಸ್ತೂರಿಯ ಸೌಟು ನೆಲಕ್ಕೆ ಬಿತ್ತು. "ನನಗ ಅದರ ನಾತ ಈಗೂ ಆಗಂಗಿಲ್ಲ. ಮೂಗು ಹಿಡಕೊಂಡು ದಿನಾ ಹಿಟ್ಟು ಹಾಕತೀನಿ. ನೀ ಆರಾಮ ಆಗಿ, ಡಾಕ್ಟರು ಹೂಂ ಅಂದ ದಿನಕ್ಕ ಇರಲಿ ಅಂತ."

ಮೊದಲ ದಿನ ಸೆರಗಿನಡಿಯಿಂದ ಬಂದ ಆ ಬಟ್ಟಲು ಆಗ ನನಗೆ ಅರ್ಥವಾಯಿತು.

ಉರಿ ಆರಿದ ಮೇಲೆ ಡಾಕ್ಟರು ಹೂಂ ಅಂದರು. ತೆಳ್ಳಗೆ, ಸೋಸಿ, ಸ್ವಲ್ಪ ಸ್ವಲ್ಪವೇ. ಗುಳಿಗೆಯ ಜೊತೆಗೆ, ಗುಳಿಗೆಯ ಬದಲಿಗಲ್ಲ. ಮೊದಲ ಗುಟುಕು ಕುಡಿದ ದಿನ ಶಾಲ್ಮಲಾ ಸಂಜೆಯೊಳಗೆ ನನ್ನನ್ನು ಎತ್ತಿಕೊಂಡು ಹಳ್ಳದ ದಂಡೆಗೆ ನಡೆದಳು. ಕೊನೆಯದಾಗಿ ಕಿವಿಯಿಟ್ಟಳು. ನನ್ನೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಅವಳ ಮೈಯಿಂದ ಮಾತ್ರ, ಬಲು ದೂರದಿಂದ ಬಂದ ಹಾಗೆ, ಸಂತೆ ನೆರೆಯುವ ಮೊದಲಿನ ಒಂದೆರಡು ದನಿ ಕೇಳಿತು. ಕಾವಲಿನವರು ಮಲಗಿದ್ದರು. ಸತ್ತಿರಲಿಲ್ಲ, ಮಲಗಿದ್ದರು. ಅದು ಅವಳಿಗೂ ಗೊತ್ತಿತ್ತು. ಅಂಗಿಯ ಕಿಸೆಯಲ್ಲಿ ರಾತ್ರಿಯ ಗುಳಿಗೆಯಿತ್ತು.

"ಹೋಗು, ಆಯಿ" ಎಂದು ಕಲ್ಲಿಗೆ ಬಡಿದಳು.

ಈಗ ನಾನು ಚೂರು. ಜಾಲಿಯ ಬುಡದಲ್ಲಿ ಅಂಗಾತ ಬಿದ್ದಿದ್ದೇನೆ, ಅಂಗೈಯಷ್ಟು ಅಗಲ. ನನ್ನ ಸುತ್ತ ಎಷ್ಟೋ ಸತ್ತ ಮನೆಗಳ ಚೂರುಗಳು. ಎಲ್ಲರಿಗೂ ಒಬ್ಬೊಬ್ಬ ಬಾಳವ್ವ ಇದ್ದಳು. ನಿನ್ನೆ ಒಂದು ಮಳೆ ಬಂದು ಹೋಯಿತು. ನನ್ನ ಕುಳಿಯಲ್ಲಿ ಒಂದು ಗುಟುಕು ನೀರು ನಿಂತಿದೆ, ಅದರಲ್ಲೊಂದು ಜಾಲಿಯ ಎಲೆ ಕೊಳೆಯುತ್ತಿದೆ. ಇವತ್ತು ಬೆಳಿಗ್ಗೆ ನನ್ನ ತೂತುಗಳಲ್ಲಿ ಯಾರೋ ಪಿಸುಗುಟ್ಟಿದರು. ಗುರುತಿನ ದನಿಯಲ್ಲ.

ಯಾರು ಎಂದು ನಾನು ಕೇಳಲಿಲ್ಲ. ಏನು ಉಣ್ಣುತ್ತೀರಿ ಎಂದು ಕೇಳಿದೆ.