ನೂರಾ ಹನ್ನೆರಡು ಬಾಗಿಲ ರಾಜಕುಮಾರಿ

ಏಳು ಸಲ ಕಟ್ಟಿ ಏಳು ಸಲ ಕೆಡವಿದ ಒಂದು ಊರಿನಲ್ಲಿ, ಬಹಳ ಹಿಂದೇನಲ್ಲ, ಮೆಟ್ರೋ ರೈಲು ಆಗಷ್ಟೇ ಓಡಲು ಕಲಿಯುತ್ತಿದ್ದ ಕಾಲಕ್ಕೆ, ಒಬ್ಬ ರಾಜಕುಮಾರಿ ಇದ್ದಳು. ಇದ್ದಳು ಅಂದರೆ ಕಾಗದದ ಮೇಲೆ ಇದ್ದಳು. ರಾಕ್ಷಸನೊಬ್ಬ ಅವಳನ್ನು ಬಾಗಿಲ ಹಿಂದೆ ಬಾಗಿಲು ಜಡಿದು ಕೂಡಿಹಾಕಿದ್ದ. ಆ ಕಾಗದದ ಕಟ್ಟು ದೆಹಲಿಯ ವಸಂತ್ ಕುಂಜ್‌ನ ಒಂದು ತಾರಸಿ ಕೋಣೆಯಲ್ಲಿ, ಸಂಯುಕ್ತಾಳ ಮಂಚದ ಕೆಳಗಿತ್ತು.

ಅಜ್ಜಿ ಈ ಕಥೆ ಹೇಳುವಾಗ ಬಾಗಿಲು ಏಳೇ. ಏಳನೆಯದರ ಹತ್ತಿರ ಬರುವಷ್ಟರಲ್ಲಿ ಸಂಯುಕ್ತಾಗೆ ನಿದ್ದೆ. ಆಮೇಲೇನಾಯಿತು ಎಂದು ಕೇಳುವ ಬುದ್ಧಿ ಬಂದಾಗ ಅಜ್ಜಿಯೇ ಇರಲಿಲ್ಲ. ಓದಲು ದೆಹಲಿಗೆ ಬಂದವಳು ಆ ಕಥೆಯನ್ನು ನೋಯ್ಡಾದ ಒಂದು ಸೀರಿಯಲ್ ಕಂಪನಿಗೆ ಕೊಟ್ಟಳು.

"ಏಳೇ ಬಾಗಿಲಾ?" ಎಂದು ನಿರ್ಮಾಪಕರು ನಕ್ಕಿದ್ದರು. "ಏಳೇ ದಿನಕ್ಕೆ ಅಂಗಡಿ ಮುಚ್ಚೋದಾ? ಹಾಕ್ತಾ ಹೋಗಿ ಮೇಡಂ. ತೆಗೀಬೇಡಿ."

ಹಾಕುತ್ತಾ ಹೋದಳು. ದಿನಕ್ಕೊಂದು ಕಂತು, ಕಂತಿಗೊಂದು ಬಾಗಿಲು.

ಬರೆದದ್ದನ್ನೆಲ್ಲ ಮೊದಲು ಕೇಳುತ್ತಿದ್ದವರು ಕೆಳಗಿನ ಮನೆಯ ಕಾಳಮ್ಮ. ಕೊಡಗಿನವರು, ಗಂಡ ಕಾರ್ಯಪ್ಪ ಸೈನ್ಯದಲ್ಲಿದ್ದು ತೀರಿಕೊಂಡಿದ್ದರು. ಸಂಜೆ ಸ್ಟೀಲಿನ ಡಬ್ಬಿಯಲ್ಲಿ ಅಕ್ಕಿತರಿ ಉಂಡೆಯ ಕಡಂಬಿಟ್ಟು ಹಿಡಿದು, ಮಂಡಿಯನ್ನು ಬೈಯುತ್ತಾ ಮೆಟ್ಟಿಲು ಹತ್ತಿ ಬಂದು, ಕೂತು, "ಹೂಂ" ಅನ್ನುತ್ತಿದ್ದರು. ಹೂಂಗುಟ್ಟುವವರಿಲ್ಲದೆ ಕಥೆ ಹೇಳಿದರೆ ಕಥೆಯೊಳಗಿನವರು ದಾರಿ ತಪ್ಪುತ್ತಾರೆ ಎನ್ನುತ್ತಿದ್ದಳು ಅಜ್ಜಿ. ಅದು ನಿಜವೋ ಏನೋ. ಆ ಹೂಂ ಒಂದನ್ನು ಬಿಟ್ಟರೆ ಇಡೀ ದಿನದಲ್ಲಿ ಯಾರೂ ಸಂಯುಕ್ತಾಳಿಗೆಂದೇ ಬಾಯಿ ತೆರೆಯುತ್ತಿರಲಿಲ್ಲ.

"ಕೊನೆಗೆ ಆ ಹುಡುಗಿನ ಹೊರಗೆ ಬಿಡ್ತೀ ತಾನೇ?" ಎಂದು ಕಾಳಮ್ಮ ಒಮ್ಮೆ ಕೇಳಿದ್ದರು.

"ಬಿಡ್ತೀನಿ ಆಂಟಿ. ನನ್ನಾಣೆ."

ನೂರಾ ಹನ್ನೆರಡನೆಯ ಬಾಗಿಲು ಹಾಕಿದ ದಿನ ನೋಯ್ಡಾದ ಆಫೀಸಿಗೇ ಬೀಗ ಬಿದ್ದಿತ್ತು.

"ಸೀರಿಯಲ್ ಬಂದ್ ಹೋ ಗಯಾ, ಮೇಡಂ," ಎಂದ ಕಾವಲುಗಾರ.

"ಶುರುವೇ ಆಗಿರಲಿಲ್ಲವಲ್ಲ ಭಯ್ಯಾ," ಎಂದು ಕನ್ನಡದಲ್ಲೇ ಅಂದಳು. ಅವನು ತಲೆಯಾಡಿಸಿ ಚಹಾ ಕುಡಿದ.

ಆಮೇಲೆ ಅವಳು ಬರೆಯಲಿಲ್ಲ. ಡಬ್ಬಿ ಬರುತ್ತಿತ್ತು, ಹೋಗುತ್ತಿತ್ತು. ಕಥೆ ಇಲ್ಲದ್ದರಿಂದ ಹೂಂ ಕೂಡ ಇರಲಿಲ್ಲ. ಎರಡು ತಿಂಗಳು ಕಳೆದು, ಕಾಳಮ್ಮ ಪುಣೆಯ ಮಗಳು ಜೀವಿತಾಳ ಮನೆಗೆ ಹೊರಟರು. ಭಾನುವಾರ ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಖಾಲಿ ಮನೆಯಲ್ಲಿ ಉಳಿದದ್ದು ಕಾರ್ಯಪ್ಪನವರ ಹೆಸರು ಬರೆದ ಕಪ್ಪು ಟ್ರಂಕು. ಸಂಯುಕ್ತಾ ಇಳಿದು ಬಂದಾಗ ಅದರ ಮೇಲೆ ಕಾಳಮ್ಮ ಕೂತಿದ್ದರು.

"ಆ ಕಥೆ ಮುಗಿಸು," ಅಂದರು.

"ಸೀರಿಯಲ್ಲೇ ಇಲ್ವಲ್ಲ ಆಂಟಿ."

"ನಾನು ಸೀರಿಯಲ್ ಕೇಳಿದ್ನಾ? ಆಣೆ ಇಟ್ಟಿದ್ದು ಯಾರು, ಆ ನೋಯ್ಡಾದವನಾ?"

"ನೂರಾ ಹನ್ನೆರಡು ಬಾಗಿಲು ಆಂಟಿ. ಯಾವುದರ ಕೀಲಿ ಎಲ್ಲಿಟ್ಟೆ ಅಂತ ನನಗೇ ಗೊತ್ತಿಲ್ಲ."

ಕೆಳಗೆ ಡ್ರೈವರ್ ಹಾರ್ನ್ ಹೊಡೆದ. "ಚಲೋ ಮಾತಾಜೀ!"

"ನಿಲ್ಲೋ!" ಎಂದು ಕಿಟಕಿಯತ್ತ ಗದರಿ ಕಾಳಮ್ಮ ತಿರುಗಿದರು. "ಒಂದು ಕೇಳ್ತೀನಿ, ಹೇಳು. ಇಷ್ಟು ದಿನ ಅವಳು ಊಟ ಏನು ಮಾಡಿದ್ಲು?"

ಬೀಗಗಳಿಗೆಲ್ಲ ಹೆಸರಿಟ್ಟ ಸಂಯುಕ್ತಾ ಒಂದು ಹಿಡಿ ಅನ್ನ ಬರೆದಿರಲಿಲ್ಲ.

"ಉಪವಾಸ ಕೆಡವಿದ್ಯಾ? ಅಯ್ಯೋ ಪಾಪಿ!"

"ಇಲ್ಲ ಆಂಟಿ," ಎಂದಳು ಮೆಲ್ಲಗೆ. ಗೋಡೆಗೊರಗಿ ನೆಲದ ಮೇಲೆ ಕೂತಳು. ಕೈಯಲ್ಲಿ ಕಾಗದವಿರಲಿಲ್ಲ. "ಒಬ್ಬಳು ಮುದುಕಿ ಇದ್ದಳು. ದಿನಾ ಬುತ್ತಿ ತರ್ತಿದ್ದಳು."

"ಹೂಂ."

"ರಾಕ್ಷಸ ಅವಳನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಾಗಿಲುಗಳ ಪಕ್ಕದಲ್ಲೇ ಒಂದು ಸಣ್ಣ ಮೆಟ್ಟಿಲಿತ್ತು, ಅಡುಗೆಮನೆಯಿಂದ. ಅವಳು ಅದನ್ನೇ ಹತ್ತಿ ಬರ್ತಿದ್ದಳು, ಮಂಡಿ ಬೈಕೊಂಡು."

"ಹೂಂ," ಎಂದ ಕಾಳಮ್ಮನ ತುಟಿ ಒಂದಿಷ್ಟು ನಕ್ಕಿತು.

"ರಾಜಕುಮಾರಿ ಬಾಗಿಲನ್ನೇ ನೋಡ್ತಾ ಕೂತಿದ್ದಳು. ಬುತ್ತಿ ಎಲ್ಲಿಂದ ಬರ್ತಿದೆ ಅಂತ ಒಂದಿನಾನೂ ತಿರುಗಿ ನೋಡಿರಲಿಲ್ಲ. ಮುದುಕಿ ಊರು ಬಿಟ್ಟು ಹೊರಟ ದಿನ ತಿರುಗಿ ನೋಡಿದಳು."

"ಹೂಂ."

"ಖಾಲಿ ಡಬ್ಬಿ ಕೈಯಲ್ಲಿ ಹಿಡಿದು ಮುದುಕಿ ಹಿಂದೇನೇ ಮೆಟ್ಟಿಲಿಳಿದಳು. ಹೊರಗೆ ಬಿಸಿಲಿತ್ತು. ಮುದುಕಿ ತನ್ನ ದಾರಿ ಹಿಡಿದಳು. ಇವಳು ರಸ್ತೆಯಲ್ಲಿ ಒಬ್ಬಳೇ ನಿಂತಳು, ಹೊರಗೆ."

ಕಾಳಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ, ಗಟ್ಟಿಯಾಗಿ, "ಹೂಂ" ಅಂದರು.