ಇಬ್ಬರ ಕೆಲಸ ಒಬ್ಬಳೇ

ನಾದಿನಿಗೆ ಆ ಕೆಲಸ ಕೊಡಿಸಿದವಳೇ ನಾನು. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ, ಇನ್ನು ಯಾರನ್ನ ಬೈಯಲಿ?

ನಮ್ಮದು ಪೇಂಟ್ ಕಾರ್ಖಾನೆಯ ಲ್ಯಾಬು. ಗಿರಾಕಿ ಹಳೇ ಬಾಗಿಲಿನ ಚೂರೊಂದನ್ನು ತಂದು ಇದೇ ಬಣ್ಣ ಬೇಕು ಅಂತಾನೆ. ನಮ್ಮಲ್ಲಿ ಒಬ್ಬಳು ಬೆರೆಸಿ ತಗಡಿನ ಮೇಲೆ ಬಳಿಯಬೇಕು, ಇನ್ನೊಬ್ಬಳು ಅದನ್ನು ದೀಪದ ಕೆಳಗೆ ಹಿಡಿದು ಸರಿ ಇದೆ ಅನ್ನಬೇಕು. ತಾನು ಬೆರೆಸಿದ್ದನ್ನು ತಾನೇ ಪಾಸು ಮಾಡುವ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿಲ್ಲ ನೋಡಿ.

ನನಗೆ ಎಂಎಸ್ಸಿ ಮಾಡುವ ಆಸೆ ಡಿಗ್ರಿ ಮುಗಿದ ದಿನದಿಂದ ಇತ್ತು. ತಟ್ಟದ ಬಾಗಿಲಿಲ್ಲ. ಸ್ಕಾಲರ್‌ಶಿಪ್ಪಿನವರು ವಯಸ್ಸಾಯ್ತಲ್ಲ ಅಂದರು. ಬ್ಯಾಂಕಿನವರು ಅಡವಿಡೋಕೆ ಏನಿದೆ ಅಂದರು. ಪಾಠ ಹೇಳಿಕೊಟ್ಟು ಫೀಸು ತೀರಿಸ್ತೀನಿ ಅಂದರೆ ಯೂನಿವರ್ಸಿಟಿಯವರು ಮೊದಲು ಸೇರಿ, ಆಮೇಲೆ ನೋಡೋಣ ಅಂದರು. ಉಳಿದದ್ದು ಕಾರ್ಖಾನೆಯ ದಾರಿ ಒಂದೇ. ಎರಡು ವರ್ಷಕ್ಕೊಮ್ಮೆ ಲ್ಯಾಬಿನಿಂದ ಒಬ್ಬರನ್ನು ಅವರೇ ಓದಿಸ್ತಾರೆ. ಫೀಸೂ ಅವರದೇ, ಸಂಬಳವೂ ನಿಲ್ಲಲ್ಲ. ಆದರೆ ನಲವತ್ತು ದಾಟಿದವರಿಗಿಲ್ಲ. ನನಗೀಗ ಮೂವತ್ತೊಂಬತ್ತು. ಅಂದರೆ ಇದೇ ಕೊನೇ ಬಸ್ಸು.

ಅದಕ್ಕೆ ನಾದಿನಿಯೂ ಅರ್ಜಿ ಹಾಕಿದಳು!

"ಅತ್ತಿಗೆ, ಸುಮ್ನೆ ಹಾಕಿದೀನಿ. ಅನುಭವ ಆಗ್ಲಿ ಅಂತ" ಅಂದಳು. ಸುಮ್ನೆಯಂತೆ! ಸುಮ್ಮನೆ ಹಾಕುವವಳು ಬೆಳಗಾಗೆದ್ದು ನನ್ನದೇ ಪುಸ್ತಕ ಕೇಳಿ ಇಸ್ಕೊಂಡು ಓದ್ತಾಳಾ?

ಅವಳ ಬಗ್ಗೆ ಹೇಳಬೇಕು ಅಂದರೆ ನನಗೆ ಹೊಟ್ಟೆ ಉರಿಯುತ್ತೆ, ಮುಚ್ಚಿಡುವುದೇನು. ನನಗೆ ವರ್ಷಗಟ್ಟಲೆ ಒಲಿಯದ ಬೂದುಬಣ್ಣ ಅವಳಿಗೆ ಒಂದು ಮಳೆಗಾಲದಲ್ಲಿ ಒಲಿಯಿತು. ಲ್ಯಾಬಿನವರೆಲ್ಲ ಅವಳನ್ನ ‘ಮರಿ’ ಅಂತಾರೆ. ನನ್ನನ್ನ ‘ಮೇಡಂ’ ಅಂತಾರೆ, ಅದೂ ಸ್ವಲ್ಪ ದೂರ ನಿಂತು. ಮನೆಯಲ್ಲೂ ಅದೇ ಕಥೆ. ಅವಳಿಗೆ ಓದೋಕೆ ಕಿಟಕಿ ಪಕ್ಕದ ಮೇಜು, ನನಗೆ ಅಡುಗೆಮನೆ ಕಟ್ಟೆ. "ಪಾಪ, ಅವಳು ಚಿಕ್ಕವಳು ಕಣೇ" ಅಂದರು ನಮ್ಮನೆಯವರು. "ನಾನೇನು ಹುಟ್ಟುವಾಗಲೇ ಮುದುಕಿಯಾಗಿದ್ದೆನಾ?" ಅಂದೆ. ನಮ್ಮತ್ತೆ ಮಗಳ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು. ನಗಲಿ.

ಕಡೆಗೆ ನಾವಿಬ್ಬರೇ ಉಳಿದೆವು. ಲ್ಯಾಬಿನ ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಅವಳು ಮೊದಲು ಹೋದಳು. ಗಾಜಿನ ಗೋಡೆಯಾಚೆ ಕೈ ಆಡಿಸುತ್ತಾ ಅದೇನೋ ಹೇಳುತ್ತಲೇ ಇದ್ದಳು, ಸಾಹೇಬರು ತಲೆ ಆಡಿಸುತ್ತಲೇ ಇದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾತು ಕಮ್ಮಿ ಅಂತ ಹೆಸರು ತಗೊಂಡವಳು, ಇಲ್ಲಿ ನೋಡಿದರೆ ಬಾಯಲ್ಲಿ ಅರಳು ಹುರಿಯುತ್ತಿದ್ದಾಳೆ!

ನನ್ನ ಸರದಿ ಬಂತು. ಸಾಹೇಬರು ಕನ್ನಡಕ ಒರೆಸುತ್ತಾ ಕೇಳಿದರು. "ಆಕೆ ಕೆಲಸ ಹೇಗಮ್ಮ? ನಾಳೆ ಆಕೆ ಇಲ್ಲ ಅಂತಿಟ್ಕೊ. ಲ್ಯಾಬು ನಡೆಯುತ್ತಾ?"

ಇದಕ್ಕಿಂತ ಒಳ್ಳೇ ಅವಕಾಶ ಸಿಗುತ್ತಾ? ಅವಳಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ತೋರಿಸಿಬಿಟ್ಟರೆ ಗೆದ್ದ ಹಾಗೆ ಅನ್ನಿಸಿತು.

"ಧಾರಾಳವಾಗಿ ನಡೆಯುತ್ತೆ ಸಾರ್" ಅಂದೆ. "ಅವಳು ಬೆರೆಸಿದ್ದನ್ನ ಅರ್ಧ ನಾನೇ ತಿದ್ದೋದು. ಅವಳಿಲ್ಲ ಅಂದ್ರೆ ನನಗೆ ಕೆಲಸ ಹಗುರ. ಇಬ್ಬರ ಕೆಲಸ ಒಬ್ಬಳೇ ಮಾಡ್ತೀನಿ. ಪಾಸು ಮಾಡೋಕೆ ಶಿಫ್ಟ್ ಇನ್‌ಚಾರ್ಜ್ ಒಂದು ಸಲ ಕಣ್ಣು ಹಾಯಿಸಿದರೆ ಸಾಕು."

"ಎರಡು ವರ್ಷವಾದರೂ?"

"ಹತ್ತು ವರ್ಷವಾದರೂ!"

ಸಾಹೇಬರು ಮೇಲೆದ್ದು ನನ್ನ ಕೈ ಕುಲುಕಿದರು. ನಾನು ಗೆದ್ದೆ ಅಂದುಕೊಂಡೇ ಆಚೆ ಬಂದೆ. ದಾರಿಯಲ್ಲಿ ಹೊಸ ಬ್ಯಾಗೊಂದನ್ನೂ ಕೊಂಡೆ, ಪುಸ್ತಕ ಹಿಡಿಸುವಷ್ಟು ದೊಡ್ಡದು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರಿತ್ತು.

ಸಾಹೇಬರ ಕೋಣೆಗೆ ನುಗ್ಗಿದೆ. "ಅಲ್ಲ ಸಾರ್, ಕೆಲಸ ಬರೋದು ನನಗೆ ಅಂತ ಹೇಳಿದೆನಲ್ಲ!"

"ಅದಕ್ಕೇ ಕಣಮ್ಮ" ಅಂದರು, ನಿನಗೆ ಇಷ್ಟೂ ತಿಳಿಯಲ್ವಾ ಅನ್ನೋ ಹಾಗೆ. "ಒಬ್ಬರು ಹೋದರೆ ಇನ್ನೊಬ್ಬರು ಲ್ಯಾಬು ಹೊರಬೇಕು. ಹೊರೋರು ಯಾರೂ ಇಲ್ಲ ಅಂದ್ರೆ ಈ ವರ್ಷ ಯಾರನ್ನೂ ಕಳಿಸಬೇಡಿ ಅಂತ ಮೇಲಿನವರು ಹೇಳಿದ್ರು. ನೀನು ಬಾಯಿಬಿಟ್ಟು ಒಪ್ಪಿಕೊಂಡೆ. ಆಕೆ, ಅತ್ತಿಗೆ ಇಲ್ಲದೆ ನನ್ನ ಕೈಲಿ ಒಂದು ವಾರವೂ ಆಗಲ್ಲ ಅಂದಳು."

ಅವಳನ್ನು ತೆಗಳಿ ತೆಗಳಿ ನಾನೇ ಯೂನಿವರ್ಸಿಟಿಗೆ ಕಳಿಸಿದ್ದೆ.

ಸಂಜೆ ಮನೆಗೆ ಹೋದರೆ ಬಾಗಿಲಲ್ಲೇ ತಬ್ಬಿಕೊಂಡು ಅಳೋಕೆ ಶುರುಮಾಡಿದಳು. "ಅತ್ತಿಗೆ, ಅವರ ಮುಂದೆ ನಿಮ್ಮನ್ನ ಎಷ್ಟು ಹೊಗಳಿದೆ ಗೊತ್ತಾ? ನೀವೇ ಹೋಗಬೇಕು, ಈ ಲ್ಯಾಬು ನಿಂತಿರೋದೇ ಅತ್ತಿಗೆಯಿಂದ ಅಂದೆ. ನೀವು ನೋಡಿದ್ರೆ ನನಗೋಸ್ಕರ ಇಬ್ಬರ ಕೆಲಸ ಹೊರ್ತೀನಿ ಅಂದ್ರಂತೆ. ಯಾವ ಅತ್ತಿಗೆ ಹೀಗ್ ಮಾಡ್ತಾಳೆ?"

ಯಾವ ಅತ್ತಿಗೆಯೂ ಮಾಡಲ್ಲ, ನಾನೂ ಮಾಡಿಲ್ಲ. ಅದನ್ನ ಹೇಳುವ ಬದಲು ಅವಳ ಬೆನ್ನು ತಟ್ಟಿದೆ. ನಮ್ಮತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ಕೇಳಿದ ಮೊದಲ ಒಳ್ಳೇ ಮಾತು ಅದು. ನಮ್ಮನೆಯವರಂತೂ ಮೊದಲ ಸಲ ನನಗೆ ಕಾಫಿ ಮಾಡಿ ತಂದುಕೊಟ್ಟರು. ಕುಡಿದೆ. ವಿಷದ ಹಾಗಿತ್ತು.

ನಾದಿನಿಯ ಕಣ್ಣು ಹೊಸ ಬ್ಯಾಗಿನ ಮೇಲೆ ಬಿತ್ತು. "ಇದು ನನಗಾ ಅತ್ತಿಗೆ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ಯಾರಿಗೆ?" ಅಂದೆ.

ಒಳಗೆ ಹೋಗಿ ನನ್ನ ಪುಸ್ತಕವನ್ನೂ ತಂದು ಅದರೊಳಗೆ ಹಾಕಿಕೊಟ್ಟೆ. ಕೊಡುವ ಮುಂಚೆ ಮೊದಲ ಹಾಳೆ ಹರಿದಿಟ್ಟುಕೊಂಡೆ, ಅದರಲ್ಲಿ ನನ್ನ ಹೆಸರಿತ್ತು.