ಆರು ವರ್ಷದ ಅನುಭವ

ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಅಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿದ್ದಳು. ಒಂದು ಬೆಳಿಗ್ಗೆ ಬಾಗಿಲಿಗೆ ಚೀಟಿ ಅಂಟಿತ್ತು: ತಿಂಗಳ ಕೊನೆಗೆ ಲಾಂಡ್ರಿ ಮುಚ್ಚುತ್ತದೆ.

ಹೊಸ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವನು ಮೈದುನ. ಕಂಪ್ಯೂಟರಿನ ಮುಂದೆ ಕೂತು ಕೇಳಿದ, "ಅತ್ತಿಗೆ, ನಿಮ್ಮ ಲಾಂಡ್ರೀಲಿ ಇಸ್ತ್ರಿಗೆ ಆವಿ ಕೊಡೋ ಬಾಯ್ಲರ್ ಇತ್ತಲ್ವಾ?"

"ಇತ್ತು. ಬಾಯ್ಲರ್‌ನವರಿಗೆ ಬಾಗಿಲಲ್ಲೇ ನಿಂತು ಟೀ ಕೊಡ್ತಿದ್ದೆ."

"ಸಾಕು ಬಿಡಿ. ಬಾಯ್ಲರ್ ನಡೆಸಿದ ಅನುಭವ, ಆರು ವರ್ಷ."

"ಟೀ ಕೊಟ್ಟಿದ್ದೂ ಅನುಭವಾನೇನೋ?"

"ಎಲ್ರೂ ಹೀಗೇ ಬರೆಯೋದು. ಕೇಳಿದ್ರೆ ಆಗ ನೋಡ್ಕೊಳ್ಳೋಣ."

"ಕೇಳೋದು ನನ್ನನ್ನ ಕಣೋ, ನಿನ್ನನ್ನಲ್ಲ!"

ಇಬ್ಬರೂ ನಕ್ಕರು. ಅಳಿಸು ಎಂದು ಮಾತ್ರ ಅವಳು ಹೇಳಲಿಲ್ಲ.

ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಿಂದ ಕರೆ ಬಂತು. ಅಲ್ಲಿನ ಮ್ಯಾನೇಜರು ಅರ್ಜಿಯ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಸಾಲಿನ ಮೇಲೆ ನಿಲ್ಲಿಸಿದರು. "ನಮ್ಮ ಬಾಯ್ಲರ್ ನಡೆಸೋ ಮೇಷ್ಟ್ರು ಇನ್ನು ಮೂರು ತಿಂಗಳಲ್ಲಿ ನಿವೃತ್ತಿ. ನಿಮ್ಮಂಥವರನ್ನೇ ಹುಡುಕ್ತಿದ್ವಿ. ಸೋಮವಾರದಿಂದ ಬನ್ನಿ, ಒಂದು ವಾರ ಕೆಲಸ ನೋಡೋಣ."

"ಸರ್, ಒಂದು ಮಾತು..."

ಮ್ಯಾನೇಜರು ತಲೆಯೆತ್ತಿದರು.

"ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿ ಎದ್ದು ಬಂದಳು.

ಮನೆಗೆ ಬಂದು ಭಯವಾಗ್ತಿದೆ ಎಂದಳು. "ಹೋಗಿ ಕಲ್ತ್ಕೋ. ತಾಯಿ ಹೊಟ್ಟೆಯಿಂದಲೇ ಕಲ್ತು ಬಂದೋರು ಯಾರಿದಾರೆ?" ಎಂದ ಗಂಡ. ಅವನಿಗೇನು, ಹೋಗುವವಳು ಅವಳು.

ಬಾಯ್ಲರ್ ಕೋಣೆ ಲಾಂಡ್ರಿಯ ಹಿಂಬದಿಯಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ನೆಲದ ನಡುಕ ಚಪ್ಪಲಿಯ ಮೂಲಕ ಮೊಣಕಾಲಿಗೆ ಹತ್ತಿತು. ಲಾರಿಯಷ್ಟು ಉದ್ದದ ಕಬ್ಬಿಣದ ಪೀಪಾಯಿ, ಅದರ ಒಂದು ತುದಿಯಲ್ಲಿ ಬೆಂಕಿಯುಗುಳಿ ಗುಡುಗುವ ಬರ್ನರ್. ಬಾಯ್ಲರ್ ಮೇಷ್ಟ್ರು ಸಣಕಲು ಮನುಷ್ಯ. ಅವರ ಎಡಗಿವಿ ಸುಟ್ಟು ಒಣದ್ರಾಕ್ಷಿಯಂತೆ ಮುರುಟಿತ್ತು. ಅವಳು ಅದರಿಂದ ಕಣ್ಣು ಕೀಳಲಾಗದೆ ನಿಂತಳು.

"ಆರು ವರ್ಷ ಅಂದ್ರೆ ನನಗೇ ಪಾಠ ಹೇಳ್ತೀರಿ ಬಿಡಿ," ಎಂದು ನಕ್ಕರು ಮೇಷ್ಟ್ರು. "ಆಫೀಸಲ್ಲಿ ಸಹಿ ಹಾಕಿ ಬರ್ತೀನಿ, ಐದೇ ನಿಮಿಷ. ನೀರಿನ ಗಾಜು ನೋಡ್ತಿರಿ."

ಬೇಡ, ಹೋಗಬೇಡಿ ಎನ್ನಬೇಕೆನಿಸಿತು. ತಲೆ ಮಾತ್ರ ಆಗಲಿ ಎಂಬಂತೆ ಆಡಿತು.

ಬಾಯ್ಲರಿನ ಮೈಗೆ ಅಂಟಿಕೊಂಡಂತೆ ಬೆರಳು ದಪ್ಪದ ಗಾಜಿನ ಕೊಳವೆಯೊಂದಿತ್ತು. ಒಳಗೆ ಎಷ್ಟು ನೀರಿದೆಯೆಂದು ತೋರಿಸುವುದು ಅದೇ ಇರಬೇಕು ಎಂದುಕೊಂಡಳು. ನೀರು ಅರ್ಧಕ್ಕಿತ್ತು. ನೋಡುತ್ತಿದ್ದ ಹಾಗೆ ಕಾಲುಭಾಗಕ್ಕೆ ಬಂತು. ಹೀಗೇ ಇಳಿಯುವುದೇನೋ, ಮತ್ತೆ ಏರುವುದೇನೋ? ಪಕ್ಕದಲ್ಲಿ ಪಂಪಿನಂಥದ್ದೊಂದು ಸದ್ದಿಲ್ಲದೆ ಕೂತಿತ್ತು. ಅದು ಸುಮ್ಮನಿರಬೇಕಾದದ್ದೋ, ಓಡಬೇಕಾದದ್ದೋ ಅವಳಿಗೆ ಗೊತ್ತಿರಲಿಲ್ಲ. ಮತ್ತೊಮ್ಮೆ ನೋಡುವಾಗ ಗಾಜಿನಲ್ಲಿ ನೀರೇ ಇರಲಿಲ್ಲ.

ಬರ್ನರ್ ಗುಡುಗುತ್ತಲೇ ಇತ್ತು.

ನೀರಿನ ಪೈಪಿನ ಮೇಲೆ ಹಸಿರು ಬಣ್ಣದ ವಾಲ್ವ್ ಇತ್ತು. ಒಲೆಯ ಮೇಲಿನ ಪಾತ್ರೆ ತಳ ಹಿಡಿಯುವಾಗ ಯಾರಾದರೂ ಏನು ಮಾಡುತ್ತಾರೆ? ನೀರು ಹಾಕುತ್ತಾರೆ. ಅವಳು ವಾಲ್ವ್ ಹಿಡಿದಳು. ತಿರುಗಿಸಿಬಿಟ್ಟರೆ ನೀರು ಬರುತ್ತದೆ, ಮೇಷ್ಟ್ರು ಬರುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕೂಗಿದರೆ ಬಣ್ಣ ಬಯಲು. ಗೋಡೆಯಾಚೆ ಮಡಿಸುವ ಮೇಜುಗಳ ಸುತ್ತ ಹೆಂಗಸರು ಯಾವುದಕ್ಕೋ ನಗುತ್ತಿದ್ದದ್ದು ಕೇಳಿಸಿತು.

ಬೆವೆತ ಅಂಗೈ ವಾಲ್ವಿನ ಮೇಲೆ ಜಾರಿತು. ಅವಳು ಕೈ ಕಿತ್ತುಕೊಂಡು ಓಡಿದಳು.

"ಮೇಷ್ಟ್ರೇ! ಗಾಜಲ್ಲಿ ನೀರಿಲ್ಲ! ನೀರೇ ಇಲ್ಲ!"

ಓಡಿ ಬಂದ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. "ನೀರು ಬಿಟ್ರಾ? ಹೇಳಿ, ಬಿಟ್ರಾ?"

"ಇಲ್ಲ, ಇಲ್ಲ."

ಅವರು ಒಳನುಗ್ಗಿ ಕೆಂಪು ಗುಂಡಿ ಒತ್ತಿದರು. ಗುಡುಗು ನಿಂತಿತು. ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಹೊರಬಂದು, "ಎಲ್ರೂ ಅಂಗಳಕ್ಕೆ! ಬಟ್ಟೆ ಬಿಟ್ಟು ಬನ್ನಿ!" ಎಂದು ಕೂಗಿದರು. ಮೂವತ್ತು ಜನ ಹೆಂಗಸರು ಅಂಗಳದ ಬಿಸಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗುತ್ತಿರಲಿಲ್ಲ.

ಬಾಯ್ಲರ್ ಪೂರಾ ಆರಲು ಮಧ್ಯಾಹ್ನವಾಯಿತು. ಪಂಪು ಕೆಟ್ಟಿತ್ತು; ಹಸಿರು ವಾಲ್ವಿನ ನೀರು ಬರುತ್ತಿದ್ದದ್ದು ಬೇರೆ ಪಂಪಿನಿಂದ. ನೀರು ಕಡಿಮೆಯಾದರೆ ತಾನಾಗಿ ಬೆಂಕಿ ಆರಿಸಬೇಕಾದ ಸಾಧನವೂ ಕೈಕೊಟ್ಟಿತ್ತು. ಮೇಷ್ಟ್ರು ಹೇಳಿದರು: "ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರು ಬಿದ್ದಿದ್ರೆ ಅಷ್ಟೂ ಒಂದೇ ಕ್ಷಣದಲ್ಲಿ ಆವಿ. ಈ ಗೋಡೆ ಇರ್ತಿರಲಿಲ್ಲ. ಆರು ವರ್ಷ ನಡೆಸಿದೋರು, ಬೆಂಕಿ ಆರಿಸದೆ ಯಾಕೆ ಓಡಿದ್ರಿ?"

"ನಡೆಸಿಲ್ಲ ಮೇಷ್ಟ್ರೇ. ಒಂದು ದಿನಾನೂ ನಡೆಸಿಲ್ಲ. ಅರ್ಜೀಲಿ ಇರೋದು ಸುಳ್ಳು." ಅವಳು ಹಸಿರು ವಾಲ್ವಿನ ಕಡೆ ಕೈ ತೋರಿಸಿದಳು. "ನಾನು ಆ ವಾಲ್ವ್ ಹಿಡ್ಕೊಂಡಿದ್ದೆ."

ಮೇಷ್ಟ್ರು ಅವಳನ್ನು ಬಿಟ್ಟು, ಹತ್ತಿರವೇ ನಿಂತಿದ್ದ ಮ್ಯಾನೇಜರ ಕಡೆ ತಿರುಗಿದರು. "ಬಾಯ್ಲರ್ ನಡೆಸೋ ಸರ್ಟಿಫಿಕೇಟ್ ಕೇಳಿದ್ರಾ ನೀವು?"

"ಅರ್ಜೀಲಿ ಬರೆದಿತ್ತಲ್ಲ ಅಂತ ಕೇಳಲಿಲ್ಲ," ಎಂದರು ಮ್ಯಾನೇಜರು.

"ನಾನೂ ಕೇಳಲಿಲ್ಲ. ಹೊಸಬರ ಕೈಗೆ ಕೊಟ್ಟು ಸಹಿ ಹಾಕೋಕೆ ಹೋದೆ," ಎಂದು ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಕೆಲಸ ಸಿಗಲಿಲ್ಲ. ಮನೆಗೆ ಬಂದವಳು ಮೈದುನನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಆ ಸಾಲನ್ನು ಅಳಿಸಿದ. ಅರ್ಜಿಯಲ್ಲಿ ಇಸ್ತ್ರಿ, ಕಲೆ ತೆಗೆಯುವುದು, ಹನ್ನೊಂದು ವರ್ಷ, ಇಷ್ಟೇ ಉಳಿಯಿತು. ಅದನ್ನು ಹಿಡಿದು ನಾಲ್ಕು ಕಡೆ ಹೋದಳು, ನಾಲ್ಕೂ ಕಡೆ ಬೇಡವೆಂದರು. ಐದನೆಯದು ಒಂದು ಬಟ್ಟೆ ಕಾರ್ಖಾನೆ. ಅಲ್ಲಿನ ಮೇಲ್ವಿಚಾರಕಿ ಕೇಳಿದಳು, "ಬೇರೆ ಮೆಷಿನ್ ಏನಾದ್ರೂ ಗೊತ್ತಾ? ಬಾಯ್ಲರ್?"

"ಗೊತ್ತಿಲ್ಲ ಮೇಡಂ."

"ಕಲಿತೀರಾ?"

"ಈಗ ಬೇಡ. ಭಯ ಇದೆ."

ಮೇಲ್ವಿಚಾರಕಿ ಯಾಕೆಂದು ಕೇಳಲಿಲ್ಲ. ಒಂದು ಅಂಗಿ ಕೊಟ್ಟು ಇಸ್ತ್ರಿ ಹಾಕಿಸಿ ನೋಡಿ, ನಾಳೆಯಿಂದ ಬನ್ನಿ ಎಂದಳು.

ಮರುದಿನ ಅವಳ ಮೇಜಿನ ಪಕ್ಕದ ಪೈಪಿನಲ್ಲಿ ಆವಿ ಬುಸ್ಸೆಂದಾಗ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ಪಕ್ಕದ ಹೆಂಗಸು, "ಏನಾಯ್ತಕ್ಕಾ?" ಎಂದಳು.

"ಏನಿಲ್ಲ. ಸ್ವಲ್ಪ ತಾಳು," ಎಂದು ಅಂಗಿ ಎತ್ತಿ ಕೊಡವಿ, ಆವಿ ಅಡಗುವವರೆಗೆ ಪೈಪನ್ನೇ ನೋಡುತ್ತ ನಿಂತು, ಇಸ್ತ್ರಿ ಕೈಗೆತ್ತಿಕೊಂಡಳು.